ಕೋಲು ನೆಟ್ಟ ಜಾಗ

“ಮೇಷ್ಟ್ರೇ, ಚದುರಿ ಓಡಿದ ತುಕಡಿಗಳು ನಿಮ್ಮ ಕಡೆ ಮತ್ತೆ ಬಂದು ಸೇರ್ಕೋತವೆ. ನನ್ನ ಕಡೆ ಯಾಕೆ ಒಂದೂ ವಾಪಸ್ ಬರಲ್ಲ?”

ಆಟ ಮುಗಿದ ಮೇಲೆ ಯತಿರಾಜ ಹೀಗೆ ಕೇಳಿದ. ಕೇಳುವಾಗ ದಾಳಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡುತ್ತಿದ್ದ. ಅವನು ಹಲ್ಲಿನ ಡಾಕ್ಟರು. ಹುಳುಕು ಎಲ್ಲಿದೆ ಎಂದು ಹತ್ತಿರದಿಂದ ನೋಡಿ ಹೇಳುವುದು ಅವನ ಕಸುಬು. ದಾಳಗಳಲ್ಲಿ ಹುಳುಕೇನೂ ಇರಲಿಲ್ಲ.

ಕೆಂಗಲಯ್ಯ ಮೇಷ್ಟ್ರು ಕೊಟ್ಟ ಉತ್ತರ ಹೇಳುವ ಮೊದಲು ನಾನು ಆಟದ ವಿಷಯ ನಾಲ್ಕು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓಡಿದವರು ಯಾರು, ಸೇರಿದವರು ಯಾರು ಎಂದು ನೀವು ನನ್ನನ್ನು ಹಿಡಿದುಕೊಳ್ಳುತ್ತೀರಿ.

ಮೇಷ್ಟ್ರು ಚನ್ನಪಟ್ಟಣದಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತರಾದವರು. ನೆಪೋಲಿಯನ್ ಕಾಲದ ಯುದ್ಧಗಳೆಂದರೆ ಅವರಿಗೆ ಪ್ರಾಣ. ನಿವೃತ್ತಿಯಾದ ಮೇಲೆ ಆ ಯುದ್ಧಗಳನ್ನು ತಮ್ಮ ನಡುಮನೆಗೇ ತಂದುಬಿಟ್ಟರು. ಹಳೆಯ ಎರಡು ಬಾಗಿಲುಗಳನ್ನು ಜೋಡಿಸಿ, ಮೇಲೆ ಹಸಿರು ಬಟ್ಟೆ ಹೊದಿಸಿದರು. ಅದೇ ರಣರಂಗ. ಸೈನಿಕರೆಲ್ಲ ನಮ್ಮೂರಿನ ಅರಗಿನ ಬಣ್ಣದ ಮರದ ಗೊಂಬೆಗಳು. ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಬೆರಳಿನಷ್ಟು ಎತ್ತರ. ಟೋಪಿ ಉಂಟು, ಮುಖವಿಲ್ಲ. ಭಾನುವಾರ ಊಟವಾದ ಮೇಲೆ ನಾವು ನಾಲ್ಕು ಜನ ಸೇರಿ ಆಡುತ್ತಿದ್ದೆವು. ಕೆಂಪು ಸೇನೆಗೆ ಮೇಷ್ಟ್ರು ಸೇನಾಪತಿ, ನಾನು ಅವರ ಕೈಕೆಳಗಿನ ದಳಪತಿ. ನೀಲಿ ಸೇನೆಗೆ ಯತಿರಾಜ ಸೇನಾಪತಿ, ಅವನ ಸ್ನೇಹಿತ ಜಬೀವುಲ್ಲಾ ದಳಪತಿ.

ಈ ಆಟದಲ್ಲಿ ಸೈನಿಕರು ಸತ್ತು ಸೋಲುವುದು ಕಡಿಮೆ, ಓಡಿ ಸೋಲುವುದೇ ಹೆಚ್ಚು. ಪೆಟ್ಟು ತಿಂದ ತುಕಡಿ ಚದುರುತ್ತದೆ. ಚದುರಿದ ತುಕಡಿಯ ಬೆನ್ನು ಶತ್ರುವಿನ ಕಡೆಗೆ ತಿರುಗುತ್ತದೆ. ಪ್ರತಿ ಸರದಿಯಲ್ಲೂ ಅದು ಒಂದೊಂದು ಗೇಣು ಹಿಂದಕ್ಕೆ ಓಡುತ್ತದೆ. ಯಾರ ಗೇಣು ಎಂಬ ಜಗಳ ಬೇಡವೆಂದು ಮೇಷ್ಟ್ರು ತಮ್ಮ ಕೈಯ ಅಳತೆಗೆ ಒಂದು ಬಿದಿರಿನ ಕಡ್ಡಿ ಕತ್ತರಿಸಿ ಇಟ್ಟಿದ್ದಾರೆ. ಬಾಗಿಲಿನ ಅಂಚು ಮುಟ್ಟಿದ ತುಕಡಿ ಬುಟ್ಟಿಗೆ ಹೋಗುತ್ತದೆ. ಬುಟ್ಟಿಗೆ ಹೋದದ್ದು ಆ ದಿನಕ್ಕೆ ಹೋದ ಹಾಗೆ.

ಅಷ್ಟರೊಳಗೆ ಅದನ್ನು ನಿಲ್ಲಿಸಬಹುದು. ಆ ತುಕಡಿಯ ಸ್ವಂತ ದಳಪತಿ ಒಂದು ಗೇಣಿನೊಳಗೆ ಇರಬೇಕು. ಇದ್ದರೆ ದಾಳ ಹಾಕಬಹುದು. ದಾಳ ಒಲಿದರೆ ತುಕಡಿ ನಿಲ್ಲುತ್ತದೆ, ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಮುಂದಕ್ಕೆ ತಿರುಗುತ್ತದೆ. ಸೇನಾಪತಿಯೂ ಹೋಗಿ ನಿಲ್ಲಿಸಬಹುದು. ಆದರೆ ಅವನು ಒಂದು ಸರದಿಗೆ ಒಂದೇ ತುಕಡಿಯ ಹತ್ತಿರ ಇರಬಲ್ಲ.

ಇನ್ನೂ ಒಂದು ನಿಯಮವಿದೆ. ಸೇನಾಪತಿಗೆ ಅವಸರವಿದ್ದರೆ ದಳಪತಿಯನ್ನು ದಾಟಿ ನೇರವಾಗಿ ತುಕಡಿಗೇ ಆಜ್ಞೆ ಕೊಡಬಹುದು. ತುಕಡಿ ಆ ಕ್ಷಣವೇ ಕದಲುತ್ತದೆ. ಆದರೆ ಅಲ್ಲಿಂದಾಚೆಗೆ ಅದು ದಳಪತಿಯ ತುಕಡಿಯಲ್ಲ. ಓಡಿದರೆ ದಳಪತಿ ಪಕ್ಕದಲ್ಲೇ ನಿಂತಿದ್ದರೂ ದಾಳ ಹಾಕುವಂತಿಲ್ಲ. ಸೇನಾಪತಿಯೇ ಬರಬೇಕು.

ಯತಿರಾಜನಿಗೆ ಈ ನೇರ ಆಜ್ಞೆ ಎಂದರೆ ಬಹಳ ಇಷ್ಟ. ಅವನ ಕ್ಲಿನಿಕ್ಕಿನಲ್ಲಿ ಇಬ್ಬರು ನರ್ಸುಗಳಿದ್ದಾರೆ, ಆದರೆ ಹತ್ತಿಯನ್ನೂ ಅವನೇ ಉಂಡೆ ಮಾಡುತ್ತಾನೆ. ಅವನು ಕೆಟ್ಟವನಲ್ಲ. ಬೇರೆಯವರ ಕೈಯಲ್ಲಿ ಕೆಲಸ ನಿಧಾನವಾಗಿ ಸಾಗುವುದನ್ನು ಸುಮ್ಮನೆ ಕೂತು ನೋಡುವುದು ಅವನಿಗೆ ಆಗಿಬರುವುದಿಲ್ಲ, ಅಷ್ಟೇ.

ಜಬೀ ಎಂದರೆ ನಿಧಾನ. ಮರ ಕಡೆಯುವ ಚರಕಿಯ ಮುಂದೆ ಕೂತು ಗೊಂಬೆ ಮಾಡುವುದು ಅವನ ವೃತ್ತಿ. ಮೇಷ್ಟ್ರ ಎರಡೂ ಸೇನೆಗಳನ್ನು ಕಡೆದುಕೊಟ್ಟವನು ಅವನೇ. ತನ್ನ ಸರದಿ ಬಂದಾಗ ತುಕಡಿಗಳನ್ನೆಲ್ಲ ಒಮ್ಮೆ ಬಗ್ಗಿ ನೋಡುತ್ತಾನೆ. ಬಿದ್ದ ಗೊಂಬೆಯನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಟೀ ಕುಡಿಯುತ್ತಾನೆ. ಆಮೇಲೆ ಆಡುತ್ತಾನೆ. “ಏನೋ ಜಬೀ, ಚರಕಿ ತಿರುಗ್ತಾ ಇದೆಯಾ, ಕರೆಂಟ್ ಹೋಗಿದೆಯಾ?” ಎಂದು ಯತಿರಾಜ ಯಾವಾಗಲೂ ಕಿಚಾಯಿಸುತ್ತಿದ್ದ. ಜಬೀ ನಗುತ್ತಿದ್ದ. ಇಬ್ಬರೂ ಹೈಸ್ಕೂಲಿನಿಂದ ಜೊತೆಯವರು.

ಆದರೆ ಒಂದು ಭಾನುವಾರ ಆಟ ಬಿರುಸಾಗಿದ್ದಾಗ ಯತಿರಾಜ ಕೈ ಚಾಚಿ ಜಬೀಯ ತುಕಡಿಗಳನ್ನೆಲ್ಲ ತನ್ನ ಕಡೆ ಸರಿಸಿಕೊಂಡ. “ಬಿಡು ಜಬೀ, ಇನ್ಮೇಲೆ ಇವನ್ನ ನಾನೇ ನೋಡ್ಕೋತೀನಿ. ನೀನು ಆರಾಮಾಗಿ ಟೀ ಕುಡಿ” ಎಂದ. ಪ್ರೀತಿಯಿಂದಲೇ ಹೇಳಿದ. ನಾವೆಲ್ಲ ಅಲ್ಲೇ ಇದ್ದೆವು. ಜಬೀ ಟೀ ಕುಡಿದ. ಲೋಟ ತೊಳೆದಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೋದ.

ಆಮೇಲೆ ಅವನು ಬರಲಿಲ್ಲ. ಅವನ ಮನೆ ಮೇಷ್ಟ್ರ ಮನೆಯಿಂದ ಎರಡು ಬೀದಿ ಆಚೆ. “ಆರ್ಡರ್ ಜಾಸ್ತಿ ಇರ್ಬೇಕು” ಎಂದು ಯತಿರಾಜ ಮೊದಲ ವಾರ ಹೇಳಿದ. ಒಂದು ಸಲ ನನ್ನನ್ನು ಕರೆದು, “ಆ ಕಡೆ ಹೋದ್ರೆ ಜಬೀಗೆ ಬರೋಕೆ ಹೇಳಪ್ಪ, ಅವನ ತುಕಡಿ ಅವನಿಗೇ ಬಿಟ್ಟಿದ್ದೀನಿ ಅನ್ನು” ಎಂದ. ನಾನು ಹೋಗಿ ಹೇಳಿದೆ. ಜಬೀ ಚರಕಿ ನಿಲ್ಲಿಸಲಿಲ್ಲ. “ಹೂಂ, ನೋಡಣ ಬಿಡಿ” ಎಂದ. ಅವನು ನನಗೆ ಟೀ ತರಿಸಿಕೊಟ್ಟ. ಯತಿರಾಜನ ಹೆಸರು ಎತ್ತಲಿಲ್ಲ. ನನಗೆ ಬಹಳ ಬೇಜಾರಾಯಿತು.

ಈ ಭಾನುವಾರವೂ ಆ ಕುರ್ಚಿ ಖಾಲಿ ಇತ್ತು. ಯತಿರಾಜ ಸೇನಾಪತಿಯೂ ತಾನೇ, ದಳಪತಿಯೂ ತಾನೇ ಆಗಿ ಆಡಿದ. ಎಲ್ಲ ತುಕಡಿಗಳಿಗೂ ನೇರ ಆಜ್ಞೆ. ಮೊದಲರ್ಧ ನಮ್ಮನ್ನು ಅರೆದುಬಿಟ್ಟ. ಆಮೇಲೆ ಅವನ ಮೂರು ತುಕಡಿಗಳು ಮೂರು ಮೂಲೆಯಲ್ಲಿ ಒಟ್ಟಿಗೇ ಚದುರಿದವು. ಅವನು ಒಂದರ ಹತ್ತಿರ ಓಡಿದ, ಇನ್ನೆರಡು ಬುಟ್ಟಿಗೆ ಹೋದವು. ನನ್ನದೂ ಒಂದು ಚದುರಿತ್ತು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನೆ ದಾಳ ಹಾಕಿದೆ, ಅದು ನಿಂತಿತು. ನನ್ನದೇನೂ ಜಾಣತನವಿರಲಿಲ್ಲ. ಮೇಷ್ಟ್ರು ನನ್ನ ತುಕಡಿಗಳಿಗೆ ಕೈ ಹಚ್ಚಿರಲಿಲ್ಲ, ಅಷ್ಟೇ.

ಯತಿರಾಜ ಆ ಪ್ರಶ್ನೆ ಕೇಳಿದ್ದು ಆಗ. ಕೇಳಿದವನು ಉತ್ತರಕ್ಕೂ ಕಾಯಲಿಲ್ಲ.

“ನಿಯಮ ಬದಲಾಯಿಸೋಣ ಮೇಷ್ಟ್ರೇ. ಸೇನಾಪತಿ ದೂರದಿಂದ ಕೂಗಿದ್ರೂ ತುಕಡಿ ನಿಲ್ಬೇಕು ಅಂತ ಮಾಡಿ. ಅಷ್ಟು ದೊಡ್ಡ ಮನುಷ್ಯ ಕೂಗಿದ್ರೆ ನಿಲ್ಲಲ್ವಾ?”

ಮೇಷ್ಟ್ರು ಬುಟ್ಟಿಯಲ್ಲಿದ್ದ ನೀಲಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಪಂಚೆಯ ತುದಿಯಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ಕೈ ನಿಲ್ಲಿಸದೆಯೇ ಕತೆ ಶುರು ಮಾಡಿದರು. ಕತೆ ಹೇಳುವಾಗ ಅವರು ಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತಾರೆ. ಅಷ್ಟು ವರ್ಷ ಪಾಠ ಹೇಳಿದವರ ಅಭ್ಯಾಸ ಬಿಡುವುದು ಕಷ್ಟ.

ಒಂದು ದೇಶದಲ್ಲಿ ಒಬ್ಬ ಸೇನಾಪತಿ ಇದ್ದ. ಅವನು ಬುದ್ಧಿವಂತ, ಧೈರ್ಯವಂತ. ಸೈನಿಕರನ್ನು ಮನೆಯ ಮಕ್ಕಳಂತೆ ನೋಡುತ್ತಿದ್ದ. ಸೈನಿಕರಿಗೂ ಅವನ ಮೇಲೆ ಪ್ರೀತಿಯಿತ್ತು. ಅವನಲ್ಲಿ ಒಂದೇ ಕೊರತೆ. ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಟ್ಟು ಸುಮ್ಮನಿರಲು ಅವನಿಗೆ ಬರುತ್ತಿರಲಿಲ್ಲ. ಅಡುಗೆಯವನು ಸಾರಿಗೆ ಉಪ್ಪು ಹಾಕುವಾಗಲೂ ನಡುವೆ ಕೈ ಚಾಚುತ್ತಿದ್ದ.

ಅವನ ಕೆಳಗೆ ಒಬ್ಬ ವಯಸ್ಸಾದ ದಳಪತಿ ಇದ್ದ. ಆ ಮುದುಕನ ಕೈಯಲ್ಲಿ ಮೂರು ತುಕಡಿಗಳಿದ್ದವು. ಆಜ್ಞೆ ಬಂದರೆ ಅವನು ಅದನ್ನು ಪೂರ್ತಿ ಕೇಳುತ್ತಿದ್ದ. ಇನ್ನೊಮ್ಮೆ ಹೇಳು ಎನ್ನುತ್ತಿದ್ದ. ಆಮೇಲೆ ಕೋಲೂರಿಕೊಂಡು ಒಂದೊಂದು ತುಕಡಿಯ ಹತ್ತಿರವೂ ನಡೆದುಹೋಗಿ ತಾನೇ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ಗುಡ್ಡದ ಮೇಲಿದ್ದ ಸೇನಾಪತಿ ಉಗುರು ಕಚ್ಚಿ ಮುಗಿಸಿರುತ್ತಿದ್ದ.

ಮುದುಕನಿಗೆ ಒಂದು ಪದ್ಧತಿ ಇತ್ತು. ನಡಿಗೆಯಲ್ಲಿ ಎಲ್ಲಿ ತಂಗಬೇಕೋ ಅಲ್ಲಿಗೆ ಮೊದಲು ತಾನು ಹೋಗುತ್ತಿದ್ದ. ತನ್ನ ಊರುಗೋಲನ್ನು ನೆಲಕ್ಕೆ ನೆಟ್ಟು, ಅದರ ತುದಿಗೆ ಹಳೆಯ ರುಮಾಲೊಂದನ್ನು ಕಟ್ಟುತ್ತಿದ್ದ. ಹಿಂದೆ ಬಿದ್ದವರು, ಕಾಲು ನೋಯಿಸಿಕೊಂಡವರು, ದಾರಿ ತಪ್ಪಿದವರು ಎಲ್ಲರೂ ಆ ರುಮಾಲು ನೋಡಿಕೊಂಡು ಬಂದು ಸೇರುತ್ತಿದ್ದರು. ಬಂದವನನ್ನು ಅವನು ಯಾಕೆ ತಡ ಎಂದು ಕೇಳುತ್ತಿರಲಿಲ್ಲ. “ನೀರು ಕುಡಿದೆಯಾ?” ಎಂದು ಕೇಳುತ್ತಿದ್ದ. ಯುದ್ಧದ ದಿನವೂ ಸಾಲಿನ ಹಿಂದೆ, ಎಲ್ಲರಿಗೂ ಕಾಣುವಂತೆ, ಅದೇ ಕೋಲು ನೆಡುತ್ತಿದ್ದ. ಓಡಿ ಎಂದು ಹೇಳುತ್ತಿರಲಿಲ್ಲ, ಓಡಬೇಡಿ ಎಂದೂ ಹೇಳುತ್ತಿರಲಿಲ್ಲ. ಕೋಲು ಅಲ್ಲಿದೆ ಎಂದು ಮಾತ್ರ ತೋರಿಸುತ್ತಿದ್ದ.

ಒಂದು ದೊಡ್ಡ ಯುದ್ಧದ ಬೆಳಗ್ಗೆ ಸೇನಾಪತಿ ಸಾಲುಗಳನ್ನು ನೋಡುತ್ತ ಬಂದ. ಕೋಲು ಅವನ ಕಣ್ಣಿಗೆ ಬಿತ್ತು.

“ಯುದ್ಧ ಶುರುವಾಗುವ ಮೊದಲೇ ನನ್ನ ಸೈನಿಕರಿಗೆ ಓಡಿಹೋಗುವ ಜಾಗ ತೋರಿಸುತ್ತೀಯಾ?” ಎಂದು ಕೇಳಿದ.

“ನಿಂತವರಿಗೆ ಈ ಕೋಲು ಬೇಡ ಸ್ವಾಮಿ. ಓಡುವವರಿಗೆ ಬೇಕು,” ಎಂದ ಮುದುಕ.

ಸೇನಾಪತಿಗೆ ಈ ಮಾತು ಹಿಡಿಸಲಿಲ್ಲ. ಕುದುರೆಯ ಮೇಲಿಂದಲೇ ಬಗ್ಗಿ ಕೋಲನ್ನು ಕಿತ್ತ. ಆದರೂ ಅವನು ಒರಟನಲ್ಲ. ಕೋಲನ್ನು ಮುದುಕನ ಕೈಗೇ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ. ನೀನು ದಣಿದಿದ್ದೀಯ. ಈ ಹೊತ್ತಿನಿಂದ ಈ ತುಕಡಿಗಳು ನೇರವಾಗಿ ನನ್ನ ಮಾತು ಕೇಳಲಿ. ಗುಡ್ಡದ ಕೆಳಗೆ ಮರವಿದೆ, ನೆರಳಿನಲ್ಲಿ ಕೂತು ವಿಶ್ರಾಂತಿ ತೆಗೆದುಕೋ. ಮುದುಕ ವಂದನೆ ಮಾಡಿ ಹೋದ. ಮರದ ಕೆಳಗೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಬೆಳಗಿನ ಹೊತ್ತು ಎಲ್ಲವೂ ಸೊಗಸಾಗಿ ನಡೆಯಿತು. ಸೇನಾಪತಿ ಕೂಗಿದ ಕೂಡಲೇ ತುಕಡಿಗಳು ಕದಲಿದವು. ನಡುವೆ ಕೇಳುವವರಿಲ್ಲ, ಇನ್ನೊಮ್ಮೆ ಹೇಳು ಎನ್ನುವವರಿಲ್ಲ. ಅವರು ಸೇತುವೆ ಹಿಡಿದರು, ಸೇತುವೆಯಾಚೆಯ ಹಳ್ಳಿಯನ್ನೂ ಹಿಡಿದರು. ಇಷ್ಟು ದಿನ ಈ ಮುದುಕನನ್ನು ಯಾಕೆ ಸಹಿಸಿಕೊಂಡೆ ಎಂದು ಸೇನಾಪತಿಗೆ ಅನ್ನಿಸಿತು.

ಮಧ್ಯಾಹ್ನ ಶತ್ರುವಿನ ಕುದುರೆ ಸವಾರರು ಬಂದರು. ಸೈನಿಕನ ಧೈರ್ಯ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಇರುವುದಿಲ್ಲ. ಮೊದಲನೆಯ ತುಕಡಿ ಚದುರಿ ಓಡಿತು. ಸೇನಾಪತಿ ಕುದುರೆ ಓಡಿಸಿಕೊಂಡು ಹೋಗಿ ಅವರ ಮುಂದೆ ನಿಂತ. ಟೋಪಿ ತೆಗೆದು ಬೀಸಿದ. ಸೈನಿಕರು ಅವನನ್ನು ಕಂಡು ನಾಚಿ ನಿಂತರು. ಅವನ ಮೇಲಿನ ಪ್ರೀತಿಗೇ ನಿಂತರು. ಅಷ್ಟರಲ್ಲಿ ಇನ್ನೊಂದು ತುದಿಯಲ್ಲಿ ಎರಡನೆಯ ತುಕಡಿ ಚದುರಿತು. ಅವನು ಅಲ್ಲಿಗೆ ಓಡಿದ. ಮೊದಲನೆಯವರು ತಿರುಗಿ ನೋಡಿದರು. ಟೋಪಿ ಕಾಣಲಿಲ್ಲ. ಮತ್ತೆ ಓಡಿದರು. ಅಷ್ಟು ಹೊತ್ತಿಗೆ ಮೂರನೆಯದೂ ಚದುರಿತ್ತು. ಮೂರು ಒಲೆಯ ಮೇಲೆ ಹಾಲಿಟ್ಟು ಒಬ್ಬನೇ ಕಾಯುವವನ ಪಾಡು ಅವನದಾಯಿತು.

“ಇವತ್ತು ನಂದೂ ಅದೇ ಗತಿ ಮೇಷ್ಟ್ರೇ!” ಎಂದ ಯತಿರಾಜ.

“ಕೇಳಯ್ಯ ಸುಮ್ಮನೆ,” ಎಂದರು ಮೇಷ್ಟ್ರು.

ಆಗ ಸೇನಾಪತಿಗೆ ಮರದ ಕೆಳಗಿನ ಮುದುಕನ ನೆನಪಾಯಿತು. ತನ್ನ ಹತ್ತಿರ ಇದ್ದ ಸವಾರನೊಬ್ಬನನ್ನು ಕಳಿಸಿದ. ನಿನ್ನ ತುಕಡಿಗಳನ್ನು ನೀನೇ ತೆಗೆದುಕೋ ಎಂದು ಹೇಳಿಕಳಿಸಿದ.

ಇಲ್ಲಿಗೆ ಬಂದಾಗ ಮೇಷ್ಟ್ರು ಒಂದು ಕ್ಷಣ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಬುಟ್ಟಿಯನ್ನು ನೋಡಿದೆ.

ಸವಾರ ಬಂದು ಹೇಳಿದ ಕೂಡಲೇ ಮುದುಕ ಎದ್ದ. ಮುನಿಸಿಕೊಂಡು ಕೂರಲಿಲ್ಲ. ಓಡಿಬರುವವರ ದಾರಿಯಲ್ಲಿ ಹೋಗಿ ನಿಂತು ಕೋಲು ನೆಟ್ಟ, ರುಮಾಲು ಕಟ್ಟಿದ. ಸೈನಿಕರಿಗೆ ಆ ಕೋಲಿನ ಗುರುತಿತ್ತು. ಕೆಲವರ ಕಾಲು ನಿಧಾನವಾಯಿತು. ಅವರು ಕೋಲನ್ನು ನೋಡಿದರು, ಆಮೇಲೆ ದೂರದಲ್ಲಿ ಬೀಸುತ್ತಿದ್ದ ಟೋಪಿಯನ್ನು ನೋಡಿದರು. ಬೆಳಗ್ಗೆ ಆ ಕೋಲನ್ನು ಕಿತ್ತದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಈಗ ಯಾರ ಮಾತು ಮಾತು? ಓಡುವವನಿಗೆ ನಿಂತು ಯೋಚಿಸುವಷ್ಟು ಪುರಸೊತ್ತಿಲ್ಲ. ಅವರು ಕೋಲಿನ ಅಕ್ಕಪಕ್ಕದಲ್ಲಿ ಹಾದು ಓಡಿಹೋದರು.

ಸವಾರ ತಡೆಯಲಾರದೆ, “ಕೂಗಿ ಹೇಳಿ, ನೀವೇ ಮತ್ತೆ ಅವರ ದಳಪತಿ ಎಂದು ಕೂಗಿ ಹೇಳಿ” ಎಂದ.

ಮುದುಕ ಆಗದೆಂದು ತಲೆಯಾಡಿಸಿದ. “ನಾನು ಕೂಗಿದರೆ ಯಾರು ನಂಬುತ್ತಾರೆ? ನನ್ನ ಕೈಯಿಂದ ತೆಗೆದುಕೊಂಡದ್ದು ಎಲ್ಲರ ಎದುರಿಗೆ. ಕೊಡುವುದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸಿದರೆ ಅದು ನನ್ನ ಕೈಗೆ ಬರುವುದಿಲ್ಲ. ಬೆಳಗ್ಗೆ ಸೇನಾಪತಿಗಳೇ ಬಂದಿದ್ದರು. ಈಗಲೂ ಅವರೇ ಬರಬೇಕು.”

ಸವಾರ ಮರಳಿ ಹೋಗಿ ಈ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಹೇಳುವಾಗ ಅವನಿಗೆ ಭಯವಾಗಿತ್ತು.

ಸೇನಾಪತಿ ಕುದುರೆಯ ಮೇಲೆ ಸುಮ್ಮನೆ ಕೂತ. ಎದುರಿಗೆ ಒಂದು ತುಕಡಿ ಅರೆಬರೆ ನಿಂತಿತ್ತು. ಅವನು ಅಲ್ಲಿಂದ ಕದಲಿದರೆ ಅದೂ ಓಡುತ್ತದೆ. ಕದಲದಿದ್ದರೆ ಇನ್ನೆರಡು ಕೈಬಿಡುತ್ತವೆ. ಸಾಲದ್ದಕ್ಕೆ, ಬೆಳಗ್ಗೆ ತಾನೇ ಎಲ್ಲರ ಮುಂದೆ ಆಡಿದ ಮಾತನ್ನು ಈಗ ಎಲ್ಲರ ಮುಂದೆ ನುಂಗಬೇಕು. ಫಿರಂಗಿಯ ಎದುರು ಅಂಜದವನು ಅದಕ್ಕೆ ಅಂಜಿದ. ಶತ್ರುವಿನ ಕಡೆ ಹೋಗುವುದಾಗಿದ್ದರೆ ಅವನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ.

ಕೊನೆಗೆ ಹೋದ. ಕೋಲಿನ ಹತ್ತಿರ ಕುದುರೆಯಿಂದ ಇಳಿದ. ಓಡುತ್ತಿದ್ದವರೆಲ್ಲ ನೋಡುವಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನನ್ನೊಬ್ಬನಿಂದ ಆಗುವುದಿಲ್ಲ. ಇವರು ನಿನ್ನವರು,” ಎಂದ.

ಕೋಲು ಒಂದು ಕಡೆಗೆ ವಾಲಿತ್ತು. ಸೇನಾಪತಿ ಅದನ್ನು ನೆಟ್ಟಗೆ ಮಾಡಿ ಬುಡದ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಮುದುಕ ಅವನ ಮುಖ ನೋಡಿದ. ಹೊಗೆ, ಬೆವರು, ಧೂಳು. ಬೆಳಗಿನ ಮಾತನ್ನು ಅವನು ಎತ್ತಲಿಲ್ಲ. ಸೊಂಟದ ನೀರಿನ ಬುರುಡೆ ಬಿಚ್ಚಿ ಮುಂದೆ ಹಿಡಿದ.

“ನೀರು ಕುಡಿದಿರಾ?” ಎಂದು ಕೇಳಿದ.

ಸೇನಾಪತಿ ಕೋಲಿನ ಕೆಳಗೆ ನಿಂತು ನೀರು ಕುಡಿದ. ಓಡುತ್ತಿದ್ದ ಸೈನಿಕರು ಅದನ್ನು ಕಂಡರು. ಟೋಪಿಯೂ ಕೋಲೂ ಈಗ ಒಂದೇ ಕಡೆ ಇದ್ದವು. ಮೊದಲು ಒಬ್ಬ ನಗಾರಿಯವನು ಬಂದ, ನಗಾರಿ ಎಲ್ಲೋ ಬಿದ್ದುಹೋಗಿತ್ತು. ಅವನ ಹಿಂದೆ ಇಬ್ಬರು ಬಂದರು. ಮುದುಕ ಅವರನ್ನೂ ನೀರು ಕುಡಿದಿರಾ ಎಂದು ಕೇಳಿದ. ಯಾರನ್ನೂ ಹೇಡಿ ಎನ್ನಲಿಲ್ಲ. ದೂರ ಹೋದವರು ತಿರುಗಿ ನೋಡಿದರು. ತಮ್ಮವರು ಕೂತಿದ್ದನ್ನು ಕಂಡು ಒಬ್ಬೊಬ್ಬರೇ ಹಿಂದಕ್ಕೆ ಬಂದರು. ಆಮೇಲೆ ಗುಂಪುಗುಂಪಾಗಿ ಬಂದರು. ಸೇನಾಪತಿ ಬಿಟ್ಟು ಬಂದಿದ್ದ ಆ ಅರೆಬರೆ ತುಕಡಿಯೂ, ಅವನು ಅಂಜಿದ ಹಾಗೆಯೇ, ಓಡಿತು. ಆದರೆ ಅದು ಈ ಕಡೆಗೇ ಓಡಿಬಂತು.

ಮೇಷ್ಟ್ರು ಕತೆ ನಿಲ್ಲಿಸಿ ಇನ್ನೊಬ್ಬ ನೀಲಿ ಸೈನಿಕನನ್ನು ಒರೆಸತೊಡಗಿದರು. ಯತಿರಾಜನಿಗೆ ತಾಳಲಾಗಲಿಲ್ಲ.

“ಗೆದ್ರಾ ಮೇಷ್ಟ್ರೇ?”

ಗೆಲ್ಲಲಿಲ್ಲ. ಕತ್ತಲಾಯಿತು, ಶತ್ರುವೂ ದಣಿದು ತನ್ನ ಡೇರೆಗೆ ಹೋದ. ಆದರೆ ಆ ಸಂಜೆ ಊಟಕ್ಕೆ ಬಂದವರಿಗೆ ಪಾತ್ರೆಗಳು ಸಾಲಲಿಲ್ಲ. ಅಡುಗೆಯವನು ಪಕ್ಕದ ದಳಕ್ಕೆ ಹೋಗಿ ಎರವಲು ತಂದ. ಇಷ್ಟು ಜನ ಉಳಿದಿದ್ದೀರಾ ಎಂದು ಬೈಯುತ್ತಲೇ ಬಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಸೇನಾಪತಿಯೂ ಕೋಲಿನ ಹತ್ತಿರ ಎಲ್ಲರ ಸಾಲಿನಲ್ಲಿ ಕೂತಿದ್ದ. ಅಡುಗೆಯವನು ಸಾರಿಗೆ ಉಪ್ಪು ಹಾಕುವಾಗ ಅವನ ಕೈ ತಾನಾಗಿ ಮುಂದಕ್ಕೆ ಹೋಯಿತು. ಆಮೇಲೆ ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ.

ಕತೆ ಅಲ್ಲಿಗೆ ಮುಗಿಯಿತು. ನನಗೆ ಆ ಕೈ ಹಿಂದಕ್ಕೆ ಹೋದದ್ದು ಬಹಳ ಇಷ್ಟವಾಯಿತು, ಹೇಳಿಬಿಡುತ್ತೇನೆ. ಯತಿರಾಜ ಸ್ವಲ್ಪ ಹೊತ್ತು ಹಸಿರು ಬಟ್ಟೆಯ ಮೇಲೆ ಬೆರಳಾಡಿಸಿದ. ಆಮೇಲೆ ಗೆಲುವಾದ. ಅವನು ಬೇಗ ಗೆಲುವಾಗುವವನು.

“ಗೊತ್ತಾಯ್ತು ಬಿಡಿ. ನೇರ ಆಜ್ಞೆ ಕೊಡಬಾರ್ದು. ತುಕಡಿ ದಳಪತಿ ಕೈಲೇ ಇರ್ಬೇಕು. ಅವನು ಸಾಲಿನ ಹಿಂದೆ ಒಂದು ಗೇಣಿನೊಳಗೆ ನಿಂತಿದ್ರೆ ಮೂರು ಚದುರಿದ್ರೂ ಮೂರನ್ನೂ ಹಿಡೀಬಹುದು. ಮುಂದಿನ ವಾರ ಹಂಗೇ ಆಡ್ತೀನಿ, ನೋಡಿ.”

“ಆಡು. ದಳಪತಿ ಯಾರು?” ಎಂದರು ಮೇಷ್ಟ್ರು.

ಯತಿರಾಜ ಖಾಲಿ ಕುರ್ಚಿಯ ಕಡೆ ನೋಡಿದ. ಅವನ ಮುಖದ ಗೆಲುವು ಇಳಿಯಿತು. ಜೇಬಿನಿಂದ ಫೋನು ತೆಗೆದ. ಆಟದ ನಡುವೆಯೂ ಅವನು ಅದನ್ನು ಹಾಗೆ ಮತ್ತೆ ಮತ್ತೆ ತೆಗೆದು ನೋಡಿದ್ದನ್ನು ನಾನು ಗಮನಿಸಿದ್ದೆ.

“ಜಬೀನೇ. ಇನ್ಯಾರು ಮೇಷ್ಟ್ರೇ? ಅವನಿಲ್ದೆ ನಂಗೆ ಈ ಆಟ ಬೇಡ.” ಫೋನನ್ನು ಮೇಷ್ಟ್ರ ಮುಂದೆ ಹಿಡಿದ. “ನಾನೇನು ಸುಮ್ನೆ ಕೂತಿಲ್ಲ. ಮೆಸೇಜ್ ಹಾಕಿದ್ದೀನಿ, ಸಾರಿ ಅಂತಾನೂ ಹಾಕಿದ್ದೀನಿ. ಇವನ ಕೈಲೂ ಹೇಳಿಕಳಿಸಿದ್ದೆ. ನೋಡಿ, ಎರಡು ನೀಲಿ ಗೆರೆ ಬಂದಿದೆ. ಓದಿದ್ದಾನೆ. ಉತ್ತರ ಮಾತ್ರ ಇಲ್ಲ. ಇನ್ನೇನು ಮಾಡ್ಲಿ ಹೇಳಿ?”

ಮೇಷ್ಟ್ರು ಒರೆಸಿದ ಸೈನಿಕನನ್ನು ಡಬ್ಬಿಗೆ ಹಾಕಿದರು. ಮುಚ್ಚಳ ಹಾಕಲಿಲ್ಲ. ಹಸಿರು ಬಟ್ಟೆಯ ಮೇಲಿದ್ದ ಬಿದಿರಿನ ಕಡ್ಡಿಯನ್ನು ಎತ್ತಿಕೊಂಡು, ಯತಿರಾಜನ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಬಿಡಿಸಿ, ಆ ಜಾಗದಲ್ಲಿ ಕಡ್ಡಿಯನ್ನಿಟ್ಟು ಕೇಳಿದರು.

“ಜಬೀ ಮನೆ ಇಲ್ಲಿಂದ ಎಷ್ಟು ಗೇಣಯ್ಯ?”